ನಮ್ಮ ನೀರುದೋಸೆ ತಿಂದ ಜಡ್ಜರು

ಎರಡು ವರ್ಷದ ಹಿಂದಿನ ಮಾತು. ಮಣ್ಣಗುಡ್ಡದ ನಮ್ಮ ಹೋಟೆಲಿನ ಮೇಲೆ ಕೇಸು ಬಿತ್ತು. ಹಾಕಿದವನು ಸಂಜೀವ. ಹನ್ನೊಂದು ವರ್ಷ ನಮ್ಮಲ್ಲೇ ಅಕ್ಕಿ ಅರೆದು ದೋಸೆ ಹೊಯ್ದವನು. ಗ್ರೈಂಡರಿಗೆ ಸಿಕ್ಕಿ ಅವನ ಬಲಗೈಯ ಮೂರು ಬೆರಳು ಹೋಗಿದ್ದವು. ಆಸ್ಪತ್ರೆಯ ಬಿಲ್ಲು ನಾನೇ ಕಟ್ಟಿದ್ದೆ. ಅಷ್ಟು ಮಾಡಿದ ಮೇಲೂ ಪರಿಹಾರ ಕೊಡಿ ಎಂದು ನೋಟಿಸು ಬಂದಾಗ ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಎಂದು ಮನೆಯಲ್ಲಿ ಕೂಗಾಡಿದೆ.

ನಮ್ಮ ವಕೀಲರು ಸಮಾಧಾನ ಮಾಡಿದರು. "ಅವ ನಮ್ಮ ಕೆಲಸದವನೇ ಅಲ್ಲ ಅಂತ ಬರೆಯುವ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲವಲ್ಲ!"

ಹೆಸರು ಬರೆಯದೆ ಇಟ್ಟವನು ನಾನೇ. ಆದರೂ ವಕೀಲರು ಬರೆದ ಕಾಗದಕ್ಕೆ ಸಹಿ ಹಾಕಿದೆ.

ಇಂಥ ಕೇಸುಗಳನ್ನು ಹಿಂದೆ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕೇಳುತ್ತಿದ್ದರಂತೆ, ಈಗ ಕೋರ್ಟಿನ ಜಡ್ಜರು ಕೇಳುತ್ತಾರೆ. ನಮ್ಮ ಕೇಸು ಯಾರ ಮುಂದೆ ಬಂದಿದೆ ಎಂದು ತಿಳಿದಾಗ ನನಗೆ ನಗುವೇ ಬಂತು. ಆ ಜಡ್ಜರು ನಮ್ಮ ಹೋಟೆಲಿನ ಹಿಂದಿನ ರಸ್ತೆಯಲ್ಲೇ ಬಾಡಿಗೆಗೆ ಇದ್ದವರು. ಮೂರು ವರ್ಷದಿಂದ ಭಾನುವಾರದ ನೀರುದೋಸೆ ನಮ್ಮಲ್ಲೇ.

"ಇನ್ನು ಹೆದರಿಕೆ ಎಂತದು? ಜಡ್ಜರು ನಮ್ಮ ಗುರ್ತದವರೇ. ಅವರನ್ನು ಕೇಳುವವರು ಯಾರುಂಟು?" ಎಂದು ಹೆಂಡತಿಯ ಹತ್ತಿರ ಜಂಬ ಕೊಚ್ಚಿದೆ.

ಕೇಸಿನ ದಿನ ಬಂತು. ಜಡ್ಜರು ಫೈಲು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಕೆಳಗಿಟ್ಟರು. ನಾನು ಸಣ್ಣಗೆ ನಕ್ಕೆ. ಅವರು ನಗಲಿಲ್ಲ.

"ಈ ಹೋಟೆಲಿನಲ್ಲಿ ನಾನು ಮೂರು ವರ್ಷದಿಂದ ತಿಂಡಿ ತಿನ್ನುತ್ತಿದ್ದೇನೆ. ಮಾಲೀಕರ ಪರಿಚಯ ನನಗಿದೆ. ಇದನ್ನು ಬರೆದುಕೊಳ್ಳಿ" ಎಂದು ಬೆರಳಚ್ಚುಗಾರರಿಗೆ ಹೇಳಿದರು. ಆಮೇಲೆ ಸಂಜೀವನತ್ತ ತಿರುಗಿದರು. "ಈ ಕೇಸನ್ನು ನಾನು ಕೇಳುವುದು ಬೇಡ ಅನಿಸಿದರೆ ಹೇಳಿ. ಬೇರೆಯವರಿಗೆ ಕೊಡಲು ಬರೆಯುತ್ತೇನೆ. ನನಗೆ ಏನೂ ಬೇಸರವಿಲ್ಲ."

ಅಬ್ಬಾ! ಜಡ್ಜರು, ದೋಸೆ ಹೊಯ್ಯುವವನ ಒಪ್ಪಿಗೆ ಕೇಳುತ್ತಿದ್ದಾರೆ!

ಸಂಜೀವ ಕೈಮುಗಿದ. ಮುಗಿದ ಕೈಯಲ್ಲಿ ಮೂರು ಬೆರಳಿರಲಿಲ್ಲ. "ಬೇಡ ಸ್ವಾಮಿ, ನೀವೇ ಕೇಳಿ. ನೀವು ತಿಂದ ದೋಸೆ ಹೊಯ್ದದ್ದು ನಾನೇ ಅಲ್ವಾ? ಒಂದು ಸಲ ಅಡುಗೆಕೋಣೆಗೆ ಬಂದು, ಎಷ್ಟು ತೆಳು ಮಾಡ್ತೀಯಪ್ಪ ಅಂತ ಹೇಳಿದ್ರಿ."

ಜಡ್ಜರು ಕನ್ನಡಕ ಮತ್ತೆ ಹಾಕಿಕೊಂಡರು. "ಹೌದು, ನೆನಪಿದೆ. ನೀವು ಅಲ್ಲಿ ಕೆಲಸದಲ್ಲಿದ್ದಿರೋ ಇಲ್ಲವೋ ಎಂಬುದೇ ಇಲ್ಲಿನ ತಕರಾರು. ಅದನ್ನು ಕಣ್ಣಾರೆ ಕಂಡ ನಾನು ಈಗ ಸಾಕ್ಷಿಯಾದೆ. ಸಾಕ್ಷಿ ಈ ಕುರ್ಚಿಯಲ್ಲಿ ಕೂತು ತೀರ್ಪು ಕೊಡಬಾರದು. ಜಿಲ್ಲಾ ನ್ಯಾಯಾಧೀಶರಿಗೆ ಬರೆಯುತ್ತೇನೆ."

ಸಂಜೀವನ ಮುಖ ಇಳಿದುಹೋಯಿತು. ಕೇಸಿನ ದಿನ ಬರುವಷ್ಟರಲ್ಲೇ ಒಂದು ವರ್ಷ ಅಲೆದಿದ್ದ. ಈಗ ಮತ್ತೊಂದು ಕೋರ್ಟು, ಮತ್ತೆ ಮೊದಲಿನಿಂದ. ಅದನ್ನು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತೆ.

"ಸ್ವಾಮಿ, ನಾವು ಬರೆದುಕೊಟ್ಟದ್ದು ಸುಳ್ಳು. ಇವ ನಮ್ಮವನೇ. ಹನ್ನೊಂದು ವರ್ಷ ನಮ್ಮಲ್ಲೇ ಇದ್ದ."

ವಕೀಲರು ನನ್ನ ಅಂಗಿ ಹಿಡಿದು ಎಳೆಯುತ್ತಿದ್ದರು. ಜಡ್ಜರು ಆ ಮಾತನ್ನೂ ಬರೆಸಿದರು. ಆದರೂ ಕೇಸನ್ನು ತಾವು ಇಟ್ಟುಕೊಳ್ಳಲಿಲ್ಲ. ಹೊಸ ಕೋರ್ಟಿನಲ್ಲಿ ತಕರಾರು ಮಾಡಲು ಏನೂ ಉಳಿದಿರಲಿಲ್ಲ, ಬೇಗ ಸಂಜೀವನ ಪರವಾಗಿ ಮುಗಿಯಿತು.

ಅಧಿಕಾರ ಕೈಯಲ್ಲಿದ್ದೂ ಹಾಗೆ ಬಿಟ್ಟುಕೊಟ್ಟವರನ್ನು ನಾನು ಮತ್ತೆ ನೋಡಿಲ್ಲ. ಆದರೆ ಎಲ್ಲ ಜಡ್ಜರೂ ತಾವಾಗಿಯೇ ಹೇಳಿಕೊಳ್ಳುತ್ತಾರೆಂದು ಏನು ಗ್ಯಾರಂಟಿ? ಧಣಿಯ ಪರಿಚಯ ಇದೆಯೋ ಇಲ್ಲವೋ ಎಂದು ಮೊದಲ ದಿನವೇ ಎಲ್ಲರೆದುರು ಹೇಳುವುದು, ಕೆಲಸದವನ ಒಪ್ಪಿಗೆ ಕೇಳುವುದು ಜಡ್ಜರಿಗೆ ಕಡ್ಡಾಯವಾಗಬೇಕು. ನನ್ನಂಥವರ ಜಂಬ ಅಲ್ಲೇ ಇಳಿಯುತ್ತದೆ.

ನಾನು ನಿಜ ಹೇಳಿದ ಆ ದಿನ, ಹೊರಗೆ ಕೋರ್ಟಿನ ಜಗಲಿಯಲ್ಲಿ ಸಂಜೀವನನ್ನು ತಡೆದು ಕೇಳಿದೆ: "ನನ್ನ ಮೇಲೆ ಕೋಪ ಉಂಟಾ ಮಾರಾಯ?"

"ಬೆರಳು ಹೋದದ್ದಕ್ಕೆ ಇಲ್ಲ ಧಣಿಗಳೇ, ಅದು ನನ್ನ ಗ್ರಹಚಾರ. ಆದ್ರೆ ಇವ ನಮ್ಮ ಕೆಲಸದವನೇ ಅಲ್ಲ ಅಂತ ಬರೆದ್ರಲ್ಲ, ಆ ಕಾಗದವನ್ನು ನನಗೆ ಓದಿ ಹೇಳಿದ್ದು ನನ್ನ ಮಗಳು. ಹಾಗಾದ್ರೆ ಇಷ್ಟು ವರ್ಷ ನೀವು ಎಲ್ಲಿಗೆ ಹೋಗ್ತಿದ್ದದ್ದು ಅಪ್ಪ, ಅಂತ ಕೇಳಿದಳು."

ಆ ಜಡ್ಜರನ್ನು ನೆನೆದರೆ ಈಗಲೂ ಕೈ ತಾನಾಗಿ ಮುಗಿಯುತ್ತದೆ. ಸಂಜೀವನ ಮಗಳ ಎದುರು ಹೋಗಿ ನಿಲ್ಲುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.