ಕೆಡಲೊಲ್ಲದ ಅಡುಗೆ

ನನ್ನ ದೊಡ್ಡಮ್ಮ ಹಗಲೆಲ್ಲ ಇಸ್ತ್ರಿ ಅಂಗಡಿಯಲ್ಲಿ ಬೆವರು ಸುರಿಸಿ ಬಂದು, ಹೂಕೋಸಿನ ದಂಟು, ಮೂಲಂಗಿ ಸೊಪ್ಪಿನಂಥ ಅಗ್ಗದ ಸಾಮಾನಿನಲ್ಲೇ ರುಚಿರುಚಿಯಾಗಿ ಅಡುಗೆ ಮಾಡುತ್ತಿದ್ದಳು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯುವುದರಲ್ಲೇ ಅವಳ ಗುಟ್ಟಿತ್ತು. ದೊಡ್ಡಪ್ಪ ಬೆರಳು ಚೀಪುತ್ತಿದ್ದ. ಅವನಿಗೆ ಸಂಬಳ ಏರಿದಾಗ ಅವಳು ಮನೆಖರ್ಚಿಗೆ ಇನ್ನಷ್ಟು ಕೇಳಿದಳು.

"ನಿನ್ ಕೈರುಚಿ ಇರೋವಾಗ ಜಾಸ್ತಿ ದುಡ್ಡು ಯಾಕೆ ಬೇಕು ಹೇಳೆ?" ಎಂದ ಮಹಾರಾಯ. ಹೊಗಳಿಕೆಯ ವೇಷ ತೊಟ್ಟ ಆ ಜಿಪುಣತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ದೊಡ್ಡಮ್ಮ, "ಇವತ್ತು ಬೇಕಂತಲೇ ಕೆಡಿಸ್ತೀನಿ ನೋಡೇ" ಎಂದು ನನಗೆ ಹೇಳಿ ಒಲೆ ಹಚ್ಚಿದಳು. ಈರುಳ್ಳಿ ಸೀದುಹೋಗಲಿ ಎಂದು ಉರಿ ಜೋರು ಮಾಡಿ ಕೈಕಟ್ಟಿ ನಿಂತಳು. ಸೀದ ವಾಸನೆ ಬರುವ ಮೊದಲೇ ತಡೆಯಲಾರದೆ ಉರಿ ತಗ್ಗಿಸಿದಳು. ಉಪ್ಪನ್ನು ಹಿಡಿ ತುಂಬ ತೆಗೆದವಳು, ಎಂದಿನ ಅಳತೆಯಷ್ಟೇ ಹಾಕಿ ಉಳಿದದ್ದನ್ನು ಡಬ್ಬಿಗೆ ಸುರಿದಳು. ಮಕ್ಕಳೂ ಅದನ್ನೇ ಉಣ್ಣಬೇಕಿತ್ತಲ್ಲ.

ದೊಡ್ಡಪ್ಪ ತಟ್ಟೆ ಬಳಿದು ತೇಗಿದ. "ಭೇಷ್! ಇಷ್ಟರಲ್ಲೇ ಇಷ್ಟು ರುಚಿ ಬರತ್ತೆ ಅಂದ್ರೆ, ಬರೋ ತಿಂಗಳಿಂದ ಇನ್ನೂ ಸ್ವಲ್ಪ ಕಮ್ಮಿ ಕೊಟ್ರೂ ನಡಿಯತ್ತೆ ಬಿಡು."