ಮುಸುರೆಯಾಗದ ಶರಬತ್ತು

ಒಂದು ಲೋಟ ಲಿಂಬೆ ಶರಬತ್ತಿಗಾಗಿ ನಾನು ಮೂರು ಬೇಸಿಗೆ ಕಾದೆ ಎಂದರೆ ನೀವು ನಗುತ್ತೀರಿ. ನಗಿರಿ. ಕಾದದ್ದು ಕುಡಿಯುವುದಕ್ಕಲ್ಲ, ಕುಡಿಸುವುದಕ್ಕೆ. ಕುಡಿಯುವುದೇನು ಮಹಾ, ಕಲಬುರ್ಗಿಯ ವೈಶಾಖದಲ್ಲಿ ಕೊಟ್ಟರೆ ಕಲ್ಲೂ ಬಾಯಿ ತೆರೆದು ಕುಡಿದೀತು. ಆದರೆ ನಮ್ಮ ಅತ್ತೆಯವರು ಕಲ್ಲಲ್ಲವಲ್ಲ, ಮಡಿಯುಟ್ಟ ಮನುಷ್ಯರು.

ನನ್ನ ತಂದೆ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರರು. ಮನೆಗೆ ಹತ್ತಿರವಿದ್ದದ್ದು ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟು. ಹತ್ತಿರ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಅಲ್ಲಿಗೆ ಹಾಕಿದರು. ಏಳೆಂಟು ವರ್ಷದಲ್ಲಿ ನಾನು ಅಲ್ಲಿ ಗಳಿಸಿದ ವಿದ್ಯೆ ಇಷ್ಟು: ಕರವಸ್ತ್ರದ ಅಂಚಿಗೆ ಕಸೂತಿ, ಪಿಯಾನೋದ ಮೇಲೆ ಅರ್ಧ ಹಾಡು, ಮತ್ತು ಲೆಮನೇಡು. ಮೊದಲೆರಡು ಮದುವೆಯಾದ ವರ್ಷವೇ ಮರೆತುಹೋದವು. ಮೂರನೆಯದನ್ನು ಕಲಿಸಿದವರು ಅಡುಗೆಮನೆಯ ಮುದುಕಿ ಸಿಸ್ಟರು. ಲಿಂಬೆಯ ಹಸಿರು ಸಿಪ್ಪೆಯನ್ನು ಬಿಳಿ ಭಾಗ ಸೋಕದಂತೆ ತೆಳ್ಳಗೆ ಹೆರೆಯಬೇಕು. ಸಕ್ಕರೆಯ ಪಾಕ ಕುದಿಯುವಾಗ ಆ ಸಿಪ್ಪೆಯನ್ನೂ ಒಂದು ಹಿಡಿ ಪುದೀನವನ್ನೂ ಹಾಕಿ ಮುಚ್ಚಬೇಕು. ಆರಿದ ಮೇಲೆಯೇ ರಸ ಹಿಂಡಬೇಕು. ಬಿಸಿಗೆ ಹಿಂಡಿದರೆ ಕಹಿ. ಲಿಂಬೆಗೆ ಅವಸರದವರನ್ನು ಕಂಡರಾಗದು.

ಇಂಥ ವಿದ್ಯಾವಂತೆ ಕಲಬುರ್ಗಿಯ ವೈಷ್ಣವರ ಮನೆಗೆ ಸೊಸೆಯಾಗಿ ಬಂದಳು. ಯಜಮಾನರು ವಕೀಲರು. ಅವರಿಗೆ ನಾನು ಕಲಿತದ್ದು ಹೆಮ್ಮೆ. ಅತ್ತೆಯವರಿಗೆ ನಾನು ಕಲಿತ ಜಾಗ ಚಿಂತೆ. ಅವರು ಒಮ್ಮೆಯೂ ಗದರಿದವರಲ್ಲ. ಹಬ್ಬಕ್ಕೆ ಒಳ್ಳೆಯ ಸೀರೆ ತರಿಸಿದರು, ಜ್ವರ ಬಂದರೆ ಹಣೆಗೆ ಪಟ್ಟಿ ಹಾಕಿದರು. ಆದರೆ ನನ್ನ ಕೈಯಿಂದ ಒಂದು ಗುಟುಕೂ ತೆಗೆದುಕೊಳ್ಳಲಿಲ್ಲ. ಒಳಗಿನ ಒಲೆ ಅವರದು, ಹಿತ್ತಲ ಪಡಸಾಲೆಯ ಒಲೆ ನನ್ನದು. ನನ್ನ ಅಡುಗೆಯನ್ನು ಯಜಮಾನರೂ ಮೈದುನಂದಿರೂ ಉಂಡರು. ಅತ್ತೆಯವರು ದೂರದಿಂದ ನೋಡಿ, “ಭಾಳ ಛಂದ ಆಗ್ಯದ,” ಎಂದರು. ಉಣ್ಣದೆ ಹೊಗಳುವವರ ಮುಂದೆ ಏನು ಮಾತಾಡುವುದು ಹೇಳಿ?

ಶರಬತ್ತು ಅಡುಗೆಯಲ್ಲ, ಅದರಲ್ಲಾದರೂ ಗೆಲ್ಲುತ್ತೇನೆ ಎಂದುಕೊಂಡೆ. ಮೊದಲ ಬೇಸಿಗೆ ಮಡಿಯುಟ್ಟು, ಸಿಸ್ಟರು ಹೇಳಿದಂತೆಯೇ ಮಾಡಿ ಮುಂದಿಟ್ಟೆ.

“ಇದನ್ನ ಕುದಿಸೀಯೇನು?” ಎಂದು ಕೇಳಿದರು.

“ಹೌದ್ರೀ ಅತ್ಯಾ. ಪಾಕ ಮಾತ್ರ.”

“ಹಂಗಾರ ಮುಸುರಿ ಆತಲ್ಲವಾ. ಹುಡುಗರಿಗೆ ಕೊಡು.”

ಮುಸುರೆಯ ಶಾಸ್ತ್ರ ಸರಳ. ನೀರೂ ಬೆಂಕಿಯೂ ಕೂಡಿ ಬೇಯಿಸಿದ್ದೆಲ್ಲ ಮುಸುರೆ. ಅಂಥದ್ದನ್ನು ಅತ್ತೆಯವರು ತಮ್ಮ ಕೈಯಾರೆ ಮಾಡಿದ್ದಲ್ಲದೆ ಮುಟ್ಟರು. ಎರಡನೆಯ ಬೇಸಿಗೆ ಕುದಿಸಲಿಲ್ಲ, ತಣ್ಣೀರಿಗೇ ಸಕ್ಕರೆ ಕದಡಿದೆ. “ಈ ಬಿಳಿ ಸಕ್ಕರಿ ಎಲುಬಿನ ಪುಡಿಯೊಳಗ ಸೋಸ್ತಾರಂತ. ನಾ ಒಲ್ಲೆ,” ಎಂದರು. ಮೂರನೆಯ ಬೇಸಿಗೆ ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆ. ಬೆಲ್ಲವನ್ನೂ ಕೊಪ್ಪರಿಗೆಯಲ್ಲಿ ಕುದಿಸಿಯೇ ಮಾಡುತ್ತಾರಲ್ಲ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಈ ಸಲ ಅವರು ಲೋಟ ನೋಡಲಿಲ್ಲ, ಮೂಗರಳಿಸಿದರು.

“ಪುದೀನಾ ಹಾಕೀಯೇನು? ಬಿರ್ಯಾನಿ ತಪ್ಪಲಾ ಅಲ್ಲೇನವಾ ಅದು!”

ಯಜಮಾನರಿಗೆ ಇದೆಲ್ಲ ತಮಾಷೆ. “ಅದಾಲತ್ತಿನ್ಯಾಗ ಒಮ್ಮೆ ಫೈಸಲಾ ಆದ್ರ ಮುಗೀತು. ನಮ್ಮವ್ವನ ಕಚೇರ್ಯಾಗ ಪೇಶಿ ಮ್ಯಾಲೆ ಪೇಶಿ, ತಾರೀಖ ಮ್ಯಾಲೆ ತಾರೀಖ,” ಎಂದು ಕೋಟು ತೊಟ್ಟು ಹೊರಟುಬಿಡುತ್ತಿದ್ದರು.

ಒಮ್ಮೊಮ್ಮೆ ಯೋಚಿಸುತ್ತೇನೆ, ಈ ನಿಜಾಮರ ಸೀಮೆಯಲ್ಲಿ ಬಿಸಿಲು ಎಲ್ಲರಿಗೂ ಒಂದೇ, ಅದರ ಮದ್ದು ಮಾತ್ರ ಮನೆಗೊಂದು. ದರ್ಗಾದ ಕಡೆ ಗುಲಾಬಿಯ ಶರಬತ್ತು, ಗುಡಿಯ ಕಡೆ ಬೆಲ್ಲದ ಪಾನಕ, ಕಾನ್ವೆಂಟಿನಲ್ಲಿ ಲೆಮನೇಡು. ಒಂದೊಂದರೊಳಗೂ ಇಣುಕಿದರೆ ಮೂರರಲ್ಲೂ ಇರುವುದು ನೀರು, ಸಿಹಿ, ಒಂದಿಷ್ಟು ಪರಿಮಳ. ನಮ್ಮ ಬಜಾರಿನಲ್ಲಿ ಬೇರು-ನಾರು ಮಾರುವ ಅತ್ತಾರ ಮುದುಕನೊಬ್ಬನಿದ್ದ. ನನ್ನ ಗೋಳು ಕೇಳಿ, ಲಾವಂಚದ ಒಂದು ಕಟ್ಟು ಕೊಟ್ಟು, “ತಗೋ ಅಮ್ಮಾ, ಖಸ್ ಅಂತೀವಿ ನಾವು. ನೀವು ಬಾಳದ ಬೇರು ಅಂತೀರಿ. ಕಲೇಜಾ ಥಂಡಾ ಆಗ್ತದ. ಇದಕ್ಕ ನಿಮ್ಮ ಸಾಸೂಮಾ ಏನೂ ಅನ್ನಂಗಿಲ್ಲ,” ಎಂದ. ಒಣ ಬೇರಿಗೆ ಮೈಲಿಗೆಯಿಲ್ಲ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆದರೆ ನಿಜ ಹೇಳಲೇ? ಅಷ್ಟು ಹೊತ್ತಿಗೆ ನನಗೊಂದು ಹೆದರಿಕೆ ಹುಟ್ಟಿತ್ತು. ಕುದಿಸುವುದು ಹೋಯಿತು, ಸಕ್ಕರೆ ಹೋಯಿತು, ಪುದೀನ ಹೋಯಿತು. ಹೀಗೆ ತಪ್ಪುಗಳೆಲ್ಲ ಒಂದೊಂದಾಗಿ ಹೋಗಿ, ಕೊನೆಗೆ ಲೋಟದಲ್ಲಿ ಬೇಡವಾದದ್ದು ಏನೂ ಉಳಿಯದೆ, ಆಗಲೂ ಅವರು ಒಲ್ಲೆ ಅಂದರೆ? ಆಗ ಬೇಡವಾದದ್ದು ಶರಬತ್ತಲ್ಲ, ನಾನು ಎಂದಾಗುತ್ತದೆ. ಅದು ಗೊತ್ತಾಗುವುದಕ್ಕಿಂತ ಪ್ರತಿವರ್ಷ ಒಂದು ತಪ್ಪು ಸಿಗುತ್ತಿರುವುದೇ ವಾಸಿ ಅನ್ನಿಸುತ್ತಿತ್ತು.

ನಾಲ್ಕನೆಯ ವರ್ಷದ ವೈಶಾಖದಲ್ಲಿ ಅತ್ತೆಯವರ ತವರಿಗೆ, ಕಮಲಾಪುರಕ್ಕೆ, ಹೋದೆವು. ನಸುಕಿನಲ್ಲಿ ಬಂಡಿ ಹೂಡಿ ಹೊರಟರೂ ತಲುಪುವ ಹೊತ್ತಿಗೆ ನಾವೆಲ್ಲ ಸುಟ್ಟ ಬದನೆಕಾಯಿ. ಅಲ್ಲಿ ಅತ್ತೆಯವರ ಅಣ್ಣನ ಹೆಂಡತಿ ಮನೆಯೊಡತಿ. ಅತ್ತೆಯವರು ಅವರನ್ನು ‘ವೈನಿ’ ಎನ್ನುತ್ತಿದ್ದುದರಿಂದ ಊರಿಗೆಲ್ಲ ಅವರು ವೈನಿ. ಬಂಡಿ ಇಳಿಯುತ್ತಿದ್ದಂತೆಯೇ ನನ್ನನ್ನು ಹಿಡಿದರು: “ಬಾರವಾ ಪಾದ್ರಿ ಸಾಲಿಯಾಕಿ! ನಿನ್ನ ಶರಬತ್ತಿನ ಕಥಿ ಇಲ್ಲೀತನಕ ಬಂದದ.”

ಮರುದಿನವೇ ಬಾಳೆಯ ಗಿಡಗಳ ನಡುವೆ ಬಾವಿಯ ಹತ್ತಿರ ಕರೆದೊಯ್ದು, ಲಿಂಬೆಯನ್ನೂ ಕಾಮಕಸ್ತೂರಿಯನ್ನೂ ನನ್ನ ಉಡಿಗೆ ಹಾಕಿದರು. “ದೇವರ ಮಾಲಿಯೊಳಗ ಕೂಡೂ ತಪ್ಪಲಾ ಇದು. ಇದಕ್ಕ ಆಕಿ ಏನಂತಾಳ, ಅನ್ನಲಿ ನೋಡೂಣು.”

ತೊಡಕೆಂದರೆ ತಣ್ಣೀರಿನಲ್ಲಿ ಸೊಪ್ಪು ಬಾಯಿ ಬಿಡುವುದಿಲ್ಲ. ಹೊಸ ಬೀಗರಂತೆ ಸುಮ್ಮನೆ ಕೂತಿರುತ್ತದೆ. ಆದರೂ ಸ್ನಾನ ಮಾಡಿ, ಮಡಿಯುಟ್ಟು, ನಾನೇ ಸೇದಿದ ನೀರನ್ನು ಭರಣಿಗೆ ತುಂಬಿದೆ. ಊರಿನಿಂದ ತಂದಿದ್ದ ಬಾಳದ ಬೇರು, ಕಾಮಕಸ್ತೂರಿ, ಲಿಂಬೆಯ ಸಿಪ್ಪೆ ಹಾಕಿ ಬಟ್ಟೆ ಕಟ್ಟಿದೆ. ತಂಪು ಗಾಳಿ ತಾಗಲೆಂದು ಮಾಳಿಗೆಯ ಮೇಲೆ, ಬೇವಿನ ನೆರಳಿನಲ್ಲಿ ಇಟ್ಟು, ಕೆಳಗೆ ಬಂದು ಮಲಗಿದೆ. ನೆರಳು ನಡೆಯುತ್ತದೆ ಎಂದು ಭೂಗೋಳದಲ್ಲಿ ಓದಿ ಬಹುಮಾನ ಪಡೆದವಳು ನಾನು. ಎಚ್ಚರವಾಗಿ ಓಡಿಹೋಗಿ ನೋಡಿದರೆ ಬೇವಿನ ನೆರಳು ಪಕ್ಕದ ಮನೆಯ ಮಾಳಿಗೆಗೆ ಹೋಗಿತ್ತು. ಭರಣಿ ಮುಟ್ಟಿದರೆ ಕೈ ಚುರ್ ಎಂದಿತು.

ಸೆರಗು ಸುತ್ತಿ ಕೆಳಗಿಳಿಸಿ ಬಟ್ಟೆ ಬಿಚ್ಚಿದೆ. ಪಡಸಾಲೆಯೆಲ್ಲ ಘಮಘಮ. ನೀರು ಎಳೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಸಿಸ್ಟರ ಒಲೆಯಿಂದಲೂ ಅಂಥ ಪರಿಮಳ ಬಂದದ್ದಿಲ್ಲ. ಆದರೆ ಬಿಸಿಯಾಗಿತ್ತಲ್ಲ! ನಾನು ಅಳುವುದೊಂದು ಬಾಕಿ.

ಹೂಬತ್ತಿ ಹೊಸೆಯುತ್ತಿದ್ದ ವೈನಿ ತೀರ್ಪು ಕೊಟ್ಟೇಬಿಟ್ಟರು: “ನೀರು ಕಾದದ, ತಪ್ಪಲಾ ಬೆಂದದ. ಮುಸುರಿ ಆತು, ಚೆಲ್ಲವಾ.”

ಅತ್ತೆಯವರಿಗೆ ಅತ್ತಿಗೆ-ನಾದಿನಿಯರ ನಲವತ್ತು ವರ್ಷದ ಹಗೆತನ ನೆನಪಾಯಿತೋ ಏನೋ, ನೆಟ್ಟಗೆ ಕೂತರು. “ಮುಸುರಿ ಹ್ಯಾಂಗ ಆಗ್ತದ ವೈನಿ? ಒಲಿ ಎಲ್ಲದ? ಬೆಂಕಿ ಎಲ್ಲದ?”

“ಮ್ಯಾಲ ನೋಡು. ಅಷ್ಟು ದೊಡ್ಡದು ಉರ್ಯಾಕತ್ತದ!”

“ಸೂರ್ಯನಾರಾಯಣಗ ಒಲಿ ಅಂತೀರಾ? ಲಿಂಬಿ ಉಪ್ಪಿನಕಾಯಿ ಹದಿನೈದ ದಿನ ಬಿಸಲಾಗ ಇಡ್ತೀರಿ, ಮಡೀಲೆ ತಿಂತೀರಿ. ಅದಕ್ಕಿಲ್ಲದ ಮುಸುರಿ ಇದಕ್ಕ್ಯಾಕ?”

“ನಿನ್ನ ಸೊಸಿ ಮಾಡ್ಯಾಳಂತ ಹಂಗಂತಿ.”

“ಸೊಸಿ ನಂದೇ. ಮತ್ಯಾರ ಕಡೆ ಮಾತಾಡಲಿ?”

ವೈನಿ ಸೋತರು, ಸೋಲುವುದಕ್ಕೆಂದೇ ವಾದ ಹೂಡಿದವರಂತೆ. ಮತ್ತೊಂದು ಬತ್ತಿ ಹೊಸೆದರು. ನನ್ನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ಭರಣಿಯನ್ನು ಹಸಿ ಮರಳಿನಲ್ಲಿ ಹೂತು ತಣಿಸಿದೆ. ಬೆಲ್ಲ ಕದಡಿ, ಸೋಸಿ, ಚಿಟಿಕೆ ಉಪ್ಪು ಹಾಕಿ, ಲಿಂಬೆ ಹಿಂಡಿದೆ. ಎರಡು ಬೀಜ ಒಳಗೆ ಬಿದ್ದವು, ತೆಗೆದೆ. ಮುಸುರೆಯಿಲ್ಲ, ಎಲುಬಿನ ಸಕ್ಕರೆಯಿಲ್ಲ, ಬಿರ್ಯಾನಿಯ ಸೊಪ್ಪಿಲ್ಲ. ಇನ್ನು ಲೋಟಕ್ಕೂ ಅವರಿಗೂ ನಡುವೆ ಉಳಿದದ್ದು ನನ್ನ ಕೈ ಒಂದೇ. ಲೋಟ ಹಿಡಿದು ನಿಂತೆ. ಮುಂದಕ್ಕೆ ಹೆಜ್ಜೆ ಬರಲಿಲ್ಲ.

“ನಿಂತೀಯಲ್ಲ? ಕೊಡು. ಬಾಯಿ ಆರ್‍ಯಾಕತ್ತದ.”

ಕೊಟ್ಟೆ. ತುಟಿಗೆ ತಾಗಿಸದೆ ಎತ್ತಿ ಹಿಡಿದು, ನಿಧಾನವಾಗಿ, ಒಂದೇ ಧಾರೆಯಾಗಿ ಕುಡಿದರು. ಗಂಟಲು ಏರಿಳಿಯುವುದನ್ನು ನಾನು ಎಣಿಸುತ್ತಿದ್ದೆ. ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮುಖ ಕಿವಿಚಿದರು.

“ಉಪ್ಪು ಸಾಲದು. ಬೆಲ್ಲ ಜಾಸ್ತಿ ಆಗ್ಯದ. ಇಷ್ಟು ಕಲ್ತಾಕಿಗೆ ಇಷ್ಟೂ ತಿಳೀಬಾರದೇನು? ಇನ್ನೊಂದು ಲೋಟ ಹಾಕು.”

ಮೂರು ವರ್ಷ ‘ಭಾಳ ಛಂದ ಆಗ್ಯದ’ ಕೇಳಿಕೊಂಡು ಬಂದವಳಿಗೆ ಆ ಬೈಗುಳ ಎಷ್ಟು ಸಿಹಿಯಾಯಿತೆಂದರೆ, ಬೆಲ್ಲ ನಿಜವಾಗಿಯೂ ಜಾಸ್ತಿಯಾಗಿದ್ದಿರಬೇಕು. ದೂರದವರ ಅಡುಗೆಯಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ ನೋಡಿ. ಆ ಸಲಿಗೆ ಮನೆಯವರ ಮೇಲೆ ಮಾತ್ರ.

ಈಗ ಕಲಬುರ್ಗಿಯ ಮಾಳಿಗೆಯ ಮೇಲೂ ಬೇಸಿಗೆಯಿಡೀ ನಮ್ಮ ಭರಣಿ ಕೂತಿರುತ್ತದೆ. ಸೌದೆಯಿಲ್ಲ, ಹೊಗೆಯಿಲ್ಲ. ಈ ಊರಿನ ಬಿಸಿಲನ್ನು ಎಲ್ಲರೂ ಶಪಿಸುವಾಗ ನಾನು ಮಾತ್ರ ಬಾಯಿ ಮುಚ್ಚಿಕೊಂಡಿರುತ್ತೇನೆ. ಉಪ್ಪಿನ ಅಳತೆ ನನಗೆ ಎಂದೋ ಕೈಗೆ ಹತ್ತಿದೆ. ಆದರೂ ಅತ್ತೆಯವರ ಲೋಟಕ್ಕೆ ಒಂದು ಚಿಟಿಕೆ ಕಡಿಮೆಯೇ ಹಾಕುತ್ತೇನೆ. ಅವರು ಕುಡಿದು, ಮುಖ ಕಿವಿಚಿ, ಬೈದು, ಮತ್ತೆ ಲೋಟ ಮುಂದೆ ಚಾಚುತ್ತಾರೆ. ಮೊನ್ನೆ ಮರೆತು ಉಪ್ಪು ಸರಿಯಾಗಿಯೇ ಹಾಕಿಬಿಟ್ಟಿದ್ದೆ. ಕುಡಿದವರು ಬೈಯದೆ ಲೋಟ ಕೆಳಗಿಟ್ಟು, ನನ್ನ ಮುಖ ನೋಡಿ, “ಏನವಾ, ಮೈಯಾಗ ಆರಾಮ ಇಲ್ಲೇನು?” ಎಂದು ಕೇಳಿದರು.