ಹಾಲಿನ ಸಾಹುಕಾರನ ಬೆಡ್‌ಶೀಟುಗಳು

ದೊಡ್ಡಕ್ಕ ಊರ ಕೆರೆಯಲ್ಲಿ ಬಟ್ಟೆ ಒಗೆಯುವವಳು, ನಾನು ಅವಳ ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುವವನು. ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಕಿಟಕಿ. ಒಗೆದು ಒಣಗಿಸಿದ ಗಂಟು ಆ ಕಿಟಕಿಯಿಂದಲೇ ನನ್ನ ಮೇಜಿಗೆ ಬಂದು ಬೀಳುತ್ತದೆ. ಅವಳು ಎಲ್ಲರಿಗೂ ದೊಡ್ಡಕ್ಕ, ವಯಸ್ಸಿನಲ್ಲಿ ಹಿರಿಯನಾದ ನನಗೂ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಕೈಯಲ್ಲಿರುವ ಬಟ್ಟೆ ಬೆಳ್ಳಗಾಗುವವರೆಗೆ ಊಟ ಮುಟ್ಟುವವಳಲ್ಲ. ಹೆರಿಗೆ ಆಸ್ಪತ್ರೆಯವರು ಅವಳನ್ನು ಬಿಟ್ಟು ಬೇರೆ ಯಾರ ಕೈಗೂ ಬಟ್ಟೆ ಕೊಡುತ್ತಿರಲಿಲ್ಲ.

ಅವಳಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ದೊಡ್ಡಕ್ಕನೇ. ಆ ತಂಗಿಯ ಗಂಡ ಹಾಲಿನ ಸಾಹುಕಾರ. ಕೆರೆಯ ಪಕ್ಕದ ದಿಬ್ಬದ ಮೇಲೆ ಅವನ ಕೊಟ್ಟಿಗೆ. ಹಸುಗಳು ಹೆಚ್ಚಿದಂತೆ ಸಗಣಿಯೂ ಹೆಚ್ಚಿತು. ಗುಂಡಿ ತೋಡಿ ಅದರಲ್ಲಿ ತುಂಬುವುದು ಬಿಟ್ಟು ಈ ಮಹಾಶಯ ಒಂದು ಪೈಪು ಹಾಕಿಸಿದ. ಕೊಟ್ಟಿಗೆ ತೊಳೆದ ಸಗಣಿ, ಗಂಜಲವೆಲ್ಲ ನೆಟ್ಟಗೆ ಕೆರೆಗೆ ಬಂದು ಬೀಳತೊಡಗಿತು, ಅದೂ ದೊಡ್ಡಕ್ಕನ ಒಗೆಯುವ ಕಲ್ಲಿನ ಬದಿಗೇ. ನೀರು ಹಸಿರಾಗಿ ಕೆನೆಗಟ್ಟಿತು. ಮೀನುಗಳು ಸತ್ತು ಹೊಟ್ಟೆ ಮೇಲಾಗಿ ತೇಲಿದವು. ಹೆರಿಗೆ ಆಸ್ಪತ್ರೆಯವರು, ಕೂಸುಗಳ ಬಟ್ಟೆ ನಾರುತ್ತಿದೆ ಎಂದು ಗಂಟನ್ನು ವಾಪಸು ಕಳಿಸಿದರು. ಅದನ್ನು ಬಿಚ್ಚಿ ಮೂಸಿ ದೊಡ್ಡಕ್ಕ ನಾಚಿಕೆಯಿಂದ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಂದೇ ಸಾಹುಕಾರನ ಮನೆಗೆ ಹೋಗಿ ಕೇಳಿದಳು. ಗುಂಡಿ ತೋಡಿದರೆ ಜಾಗ ಹಾಳು ಎಂದನಂತೆ. ಸಗಣಿ ಅಂದರೆ ಗೊಬ್ಬರ ತಾನೇ ಅಕ್ಕ, ಕೆರೆಗೂ ಒಳ್ಳೇದೇ ಎಂದು ಹಲ್ಲು ಕಿರಿದನಂತೆ. ಬಾಗಿಲ ಹಿಂದೆ ನಿಂತಿದ್ದ ತಂಗಿ ತುಟಿ ಪಿಟಕ್ಕೆನ್ನಲಿಲ್ಲ. ಗಂಡನ ಹಲ್ಲಿಗಿಂತ ಅವಳ ಮೌನವೇ ದೊಡ್ಡಕ್ಕನಿಗೆ ಹೆಚ್ಚು ಚುಚ್ಚಿತು.

ಅಲ್ಲಿಂದಾಚೆ ದೂರದ ಬೋರಿನಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದು ಒಗೆದಳು. ಸೊಂಟ ಬಿದ್ದುಹೋಯಿತು. ಹೀಗೇ ಇನ್ನೊಂದು ಬೇಸಿಗೆ ಕಳೆದರೆ ಕಸುಬು ಬಿಟ್ಟು ಮೂಲೆಯಲ್ಲಿ ಕೂರಬೇಕು ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಕೂತರೆ ನನ್ನ ಇಸ್ತ್ರಿ ಪೆಟ್ಟಿಗೆಗೂ ಕೆಲಸವಿಲ್ಲ.

ಆಗ ಸಾಹುಕಾರ ತಾನಾಗಿಯೇ ನಮ್ಮ ಕೈಗೆ ಸಿಕ್ಕಿಬಿದ್ದ. ಅವನ ಹಾಲನ್ನೆಲ್ಲ ಕೊಳ್ಳುವ ಮಾತಿಗೆ ಪಟ್ಟಣದಿಂದ ಕಂಪನಿಯವರು ಬರುವವರಿದ್ದರು, ಅವನ ಮನೆಯಲ್ಲೇ ಉಳಿಯುವವರಿದ್ದರು. ಮನೆಯ ಬೆಡ್‌ಶೀಟು, ದಿಂಬಿನ ಕವರು ಎಲ್ಲವನ್ನೂ ಗಂಟು ಕಟ್ಟಿ ದೊಡ್ಡಕ್ಕನಿಗೇ ಕಳಿಸಿದ. ಚೆನ್ನಾಗಿ ಬೆಳ್ಳಗೆ ಬರಲಿ ಅಂತ ಹೇಳಿಕಳಿಸಿದ ಬೇರೆ. ಬಟ್ಟೆ ಒಗೆಯಲು ನೀರು ಬೇಕು, ಆ ನೀರು ಎಲ್ಲಿಂದಲೋ ಬರಬೇಕು ಎನ್ನುವುದು ಆ ತಲೆಗೆ ಹೊಳೆಯಲೇ ಇಲ್ಲ.

ದೊಡ್ಡಕ್ಕ ಮೊದಲು ಬೋರಿನ ನೀರಲ್ಲಿ ಒಗೆದು ಹಾಲಿನಂತೆ ಬೆಳ್ಳಗೆ ಮಾಡಿದಳು. ಕೊನೆಗೆ ಜಾಲಾಡಿದ್ದು ಮಾತ್ರ ಪೈಪಿನ ಬಾಯಿಯ ಹತ್ತಿರ, ಹಸಿರು ಕೆನೆಯನ್ನು ಕೈಯಿಂದ ಸರಿಸಿ. ಮೇಲೆ ಒಂದಿಷ್ಟು ನೀಲಿ ಹಾಕಿ ಕಣ್ಣಿಗೆ ಮಣ್ಣೆರಚಿದಳು. ಗಂಟು ಕಿಟಕಿಯಿಂದ ಬಂತು, ಹಿಂದೆಯೇ ಅವಳ ಮಾತು ಬಂತು.

"ನೀರು ಚಿಮುಕಿಸಬೇಡ. ಒಣಗಿದ ಹಾಗೇ ಇಸ್ತ್ರಿ ಮಾಡು."

ಬಿಸಿಲಿಗೆ ಒಣಗಿದ ಬಟ್ಟೆಯಲ್ಲಿ ವಾಸನೆ ಅಡಗಿ ಕೂತಿರುತ್ತದೆ, ಮೈಯ ಬೆವರು ತಾಗಿತೋ, ಎದ್ದು ಬರುತ್ತದೆ. ನನಗೆ ಎಲ್ಲ ಅರ್ಥವಾಯಿತು. ಬೇಡ ಅನ್ನಲಿಲ್ಲ. ನನ್ನ ಜನ್ಮದಲ್ಲೇ ಯಾರಿಗೂ ಅಷ್ಟು ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿಕೊಟ್ಟಿರಲಿಲ್ಲ.

ಕಂಪನಿಯವರು ಬೆಳಗಾಗುತ್ತಲೇ ಮೂಗು ಮುಚ್ಚಿಕೊಂಡು ಹೊರಟುಹೋದರು. ಹಾಸಿಗೆಯೇ ಹೀಗಾದರೆ ಹಾಲಿನ ಪಾತ್ರೆ ಹೇಗಿದ್ದೀತು ಎಂದರಂತೆ. ನಾನು ಸಂತೋಷದಿಂದ ಇನ್ನೊಂದು ಲೋಟ ಚಹಾ ಕುಡಿದೆ. ಆದರೆ ಸಾಹುಕಾರ ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ಕಾರಿದ್ದ. ಬಂದವರ ಎದುರಿಗೇ ಅವಳನ್ನು ಗಲೀಜು ಹೆಂಗಸು ಎಂದು ಬೈದಿದ್ದ. ಅವಳು ಅದೇ ಗಂಟು ಹೊತ್ತು ಅಕ್ಕನ ಕೋಣೆಗೆ ಬಂದಳು. ಕಣ್ಣು ಊದಿಕೊಂಡಿದ್ದವು.

"ಅವರ ಮೇಲಿನ ಸಿಟ್ಟಿಗೆ ನನ್ನ ಮಾನ ತೆಗೆದೆಯಲ್ಲಕ್ಕ."

ದೊಡ್ಡಕ್ಕ ಬಗ್ಗಲಿಲ್ಲ. "ನಿನ್ನದು ಇವತ್ತು ಹೋಯ್ತು. ನನ್ನದು ಆಸ್ಪತ್ರೆಯವರು ಗಂಟು ವಾಪಸು ಕಳಿಸಿದಾಗಲೇ ಹೋಗಿತ್ತು. ಕೇಳೋಕೆ ಬಂದಾಗ ನೀನು ಬಾಗಿಲ ಹಿಂದೆ ನಿಂತಿದ್ದೆ."

ತಂಗಿ ಗಂಟಿನಿಂದ ಒಂದು ದಿಂಬಿನ ಕವರು ಎಳೆದು ಮುಖಕ್ಕೆ ಒತ್ತಿಕೊಂಡು ಮೂಸಿದಳು, ಬಹಳ ಹೊತ್ತು. "ದಿನಾ ಇದರಲ್ಲೇನಾ ನೀನು ನಿಂತ್ಕೊಳ್ತಿದ್ದದ್ದು?" ಎಂದಳು. ತಂಗಿ ಗಂಟನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಮಾರನೆಯ ಬೆಳಿಗ್ಗೆ ಪೈಪಿನಿಂದ ಒಂದು ತೊಟ್ಟೂ ಬೀಳಲಿಲ್ಲ. ದಿಬ್ಬದ ಮೇಲಿನಿಂದ ಅರಚಾಟ ಕೇಳಿ ನಾವಿಬ್ಬರೂ ಓಡಿದೆವು. ಪೈಪು ಶುರುವಾಗುವಲ್ಲಿ ಯಾರೋ ಗೋಣಿಚೀಲಗಳಿಗೆ ಮಣ್ಣು ತುಂಬಿ ತುರುಕಿ, ಮೇಲೆ ಹತ್ತಿ ತುಳಿದಿದ್ದರು. ಕೊಟ್ಟಿಗೆ ತೊಳೆದ ನೀರೆಲ್ಲ ತಿರುಗಿ ಅಂಗಳಕ್ಕೆ ನುಗ್ಗಿ, ಹಾಲಿನ ಕೋಣೆಯ ಮೆಟ್ಟಿಲು ಮುಟ್ಟಿತ್ತು. ಸಾಹುಕಾರ ಪಾದ ಮುಳುಗುವಷ್ಟು ಸಗಣಿಯಲ್ಲಿ ನಿಂತು, ಯಾವ ಬೇವರ್ಸಿ ಮಾಡಿದ್ದು ಎಂದು ಕೂಗುತ್ತಿದ್ದ.

ತಂಗಿ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈ ಮೊಣಕೈವರೆಗೆ ಕೆಸರು.

"ನಾನೇ. ಗೊಬ್ಬರ ತಾನೇ, ಅಂಗಳಕ್ಕೂ ಒಳ್ಳೇದೇ. ಗುಂಡಿ ತೋಡಿಸಿ, ಅಲ್ಲೀವರೆಗೂ ಚೀಲ ತೆಗೆಯೋಕೆ ಬಿಡಲ್ಲ."

ಗುಂಡಿ ತೋಡಿಸಿದ, ತೋಡಿಸದೆ ಏನು ಮಾಡುತ್ತಾನೆ? ಕಂಪನಿಯವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಕ್ಕತಂಗಿಯರು ಸೇರಿ ತನ್ನ ಮನೆ ಮುರಿದರು ಎಂದು ಅವನು ಈಗಲೂ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ. ಪೈಪು ನಿಂತಿತು ನಿಜ, ಆದರೆ ಇಷ್ಟು ಕಾಲ ತಳಕ್ಕಿಳಿದ ಕೊಳೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ದೊಡ್ಡಕ್ಕ ಇನ್ನೂ ಬೋರಿನ ನೀರನ್ನೇ ಹೊರುತ್ತಿದ್ದಾಳೆ, ಈಗ ಒಂದು ಕ್ಯಾನು ತಂಗಿ ಹೊರುತ್ತಾಳೆ. ಬೆಳಿಗ್ಗೆ ಕೆಲಸಕ್ಕೆ ಮೊದಲು ಇಬ್ಬರೂ ಕೆರೆಯಲ್ಲಿ ಒಂದು ಬಿಳಿ ಟವೆಲು ಅದ್ದಿ ತೆಗೆಯುತ್ತಾರೆ, ಹಿಂಡುತ್ತಾರೆ, ಮೂಸುತ್ತಾರೆ. ಇನ್ನೂ ನಾರುತ್ತದೆ. ತಂಗಿ ಅದನ್ನು ಮನೆಗೆ ಒಯ್ದು, ಊಟಕ್ಕೆ ಕೂತ ಗಂಡನ ತಟ್ಟೆಯ ಪಕ್ಕ ಇಡುತ್ತಾಳೆ, ಕೈ ಒರೆಸಿಕೊಳ್ಳಲು.